ನಿನ್ನ ಪರವಾಗಿ ಬೇಡವೆಂದವಳು

ಫರ್ಹಾನಾ, ಶೆಫೀಲ್ಡಿನಲ್ಲಿ ಆಡುವುದಕ್ಕಾಗಿ ನಿನಗೆ ಸಿಗಬೇಕಿದ್ದ ಹಣವನ್ನು ಬೇಡವೆಂದವಳು ನಾನು. ನಿನ್ನನ್ನು ಕೇಳದೆ — ನೀನು ಬಟ್ಟೆ ಬದಲಿಸಿ ಬರುವಷ್ಟರಲ್ಲಿ.

ನಿನಗೆ ಗೊತ್ತಿರುವುದು ಇಷ್ಟೇ: ವಿಶ್ವವಿದ್ಯಾಲಯ ಆ ವರ್ಷ ಬ್ಯಾಡ್ಮಿಂಟನ್ ತಂಡದ ಒಬ್ಬಿಬ್ಬರಿಗೆ ತಿಂಗಳು ತಿಂಗಳು ಹಣ ಕೊಡಲು ಶುರುಮಾಡಿತು, ಅವರಲ್ಲಿ ನೀನಿರಲಿಲ್ಲ. ನಿನಗಿಂತ ಚೆನ್ನಾಗಿ ಆಡುವವರು ತಂಡದಲ್ಲಿ ಯಾರಿದ್ದರು? ನಾನಂತೂ ಬೆಂಚಿನ ಮೇಲಿನ ಹೆಚ್ಚುವರಿ ಆಟಗಾರ್ತಿ.

ಕೋಚ್ ನನ್ನ ಬಳಿ ಬಂದ. ನಾವಿಬ್ಬರೂ ಒಂದೇ ಊರಿನವರೆಂದು ಅವನ ಲೆಕ್ಕ. ನಿನ್ನ ಧಾರವಾಡ ಎಲ್ಲಿ, ನನ್ನ ಉಡುಪಿ ಎಲ್ಲಿ. ಹಣ ಕೊಟ್ಟರೆ ಅವಳಿಗೆ ಅನುಕೂಲವಾದೀತೇ, ನೇರವಾಗಿ ಕೇಳಿದರೆ ಮುಜುಗರವಾದೀತೇ, ಎಂದು ವಿಚಾರಿಸಿದ. ನಾನು ಹೇಳಿದೆ: “ಛೇ, ಬೇಡ. ಅವಳು ದುಡ್ಡಿಗಾಗಿ ಆಡುವವಳಲ್ಲ.”

ಕೇರ್ ಹೋಮಿನಲ್ಲಿ ಮುದುಕರಿಗೆ ಉಣ್ಣಿಸಿ, ಮೈ ತೊಳೆಸಿ, ಬಸ್ಸಿನಲ್ಲಿ ತೂಕಡಿಸುತ್ತ ಅಭ್ಯಾಸಕ್ಕೆ ಬರುತ್ತಿದ್ದ ನಿನ್ನನ್ನು ನಾನು ದಿನವೂ ನೋಡುತ್ತಿದ್ದೆ.

ಬೇಡವೆಂದದ್ದಕ್ಕೆ ನನ್ನ ಬಳಿ ಒಂದು ಕಾರಣವಿತ್ತು, ಬಹಳ ವರ್ಷ ಇತ್ತು. ನಮ್ಮ ಕಡೆ ಬಡಿಸಲು ಬಂದವರಿಗೆ ಮೊದಲು ಬೇಡ ಎನ್ನುತ್ತೇವೆ. ಅವರು ಒತ್ತಾಯಿಸುತ್ತಾರೆ, ಆಮೇಲೆ ಎಲೆ ಮುಂದೆ ಮಾಡುತ್ತೇವೆ. ಮೊದಲ ಮಾತಿಗೇ ಹೂಂ ಅಂದರೆ ನಿನ್ನ ಮಾನ ಹೋಗುತ್ತದೆಂದು ಬೇಡ ಅಂದೆ. ಇಂಗ್ಲಿಷರು ಎರಡನೆಯ ಸಲ ಕೇಳುವುದಿಲ್ಲ, ಕೆಲಸ ಕೆಟ್ಟಿತು — ಹೀಗೆ. ಎಷ್ಟು ನಯವಾಗಿ ಕೂಡಿಬಂದ ಕತೆ. ಕೂಡಿಬಂದದ್ದರಿಂದಲೇ ಈಗ ಅದರ ಮೇಲೆ ಅನುಮಾನ.

ಏಕೆಂದರೆ ಕೋಚ್ ಎರಡನೆಯ ಸಲ ಕೇಳಿದ್ದ. “ನಿಜವಾಗಿಯೂ?” ಎಂದು, ಬಾಟಲಿಯ ಮುಚ್ಚಳ ತಿರುಗಿಸುತ್ತ. ಅಥವಾ ಬಾಟಲಿ ಇರಲಿಲ್ಲವೇನೋ, ಅದನ್ನು ನಾನು ಈಗ ಸೇರಿಸುತ್ತಿರಬಹುದು. ಪ್ರಶ್ನೆಯನ್ನು ಸೇರಿಸುತ್ತಿಲ್ಲ. “ನಿಜವಾಗಿಯೂ,” ಎಂದೆ.

ಚಳಿಗಾಲಕ್ಕೆ ಕೇರ್ ಹೋಮಿನ ರೋಟಾ, ಪಾಳಿಯ ಪಟ್ಟಿ, ಬದಲಾಯಿತು. ಪಂದ್ಯವಿರುವ ಬುಧವಾರಗಳೇ ನಿನ್ನ ಕೆಲಸದ ದಿನಗಳಾದವು. ಬಾಡಿಗೆ ಕಟ್ಟಬೇಕಿತ್ತು, ಕೆಲಸ ಬಿಡುವಂತಿರಲಿಲ್ಲ. ನೀನು ತಂಡ ಬಿಟ್ಟೆ. ಅಡುಗೆಮನೆಯಲ್ಲಿ ರೊಟ್ಟಿ ಮಗುಚುತ್ತ ನೀನೇ ಹೇಳಿದೆ: “ನನ್ನ ಜಾಗಾದಾಗ ನೀನ ಆಡು ಲೇ. ನಿಮ್ಮ ಕಡೆ ಹೆಂಗ ಅಂತೀರಿ — ಆಡು ಮಾರಾಯ್ತಿ.” ನಾನು ನಕ್ಕೆ. ಆಗ ಹೇಳಬಹುದಿತ್ತು. ಕೋಚ್ ಇನ್ನೂ ಅಲ್ಲೇ ಇದ್ದ, ವರ್ಷ ಇನ್ನೂ ಅರ್ಧ ಉಳಿದಿತ್ತು.

ಮೊನ್ನೆ ಸೊಲಿಹಲ್ಲಿನ ನಮ್ಮ ಮನೆಯಲ್ಲಿ, ವಿದ್ಯಾರ್ಥಿ ಆಟಗಾರರಿಗೆ ಸಂಬಳ ಕೊಡಬೇಕೇ ಎಂದು ಟಿವಿಯಲ್ಲಿ ಯಾರೋ ವಾದಿಸುತ್ತಿದ್ದರು. “ಓದ್ಲಿಕ್ಕೆ ಹೋದವ್ರಿಗೆ ಆಟಕ್ಕೆ ಸಂಬಳ ಎಂತಕ್ಕೆ?” ಎಂದರು ನನ್ನ ಯಜಮಾನರು. ಆಟದ ಪ್ರೀತಿ ಕೆಟ್ಟುಹೋಗುತ್ತದೆ ಎನ್ನಲು ನಾನೂ ಬಾಯಿ ತೆರೆದಿದ್ದೆ. ಹೊಟ್ಟೆ ತುಂಬಿದವರಿಗೆ ಆ ಮಾತು ಎಷ್ಟು ಸುಲಭವಾಗಿ ಬರುತ್ತದೆ. ಊರಿನಿಂದ ಅಪ್ಪ ಬಾಡಿಗೆ ಕಳಿಸುತ್ತಿದ್ದ ನನಗೆ ಆಗಲೂ ಬಂದಿತ್ತು, ನಿನ್ನ ಹೆಸರಿನಲ್ಲಿ.

ಅದು ಹೊಟ್ಟೆಕಿಚ್ಚೇ? ನೀನು ತಂಡ ಬಿಡುತ್ತೀಯೆಂದು ಆ ಗಳಿಗೆಯಲ್ಲಿ ಲೆಕ್ಕ ಹಾಕಿದ್ದೆನೇ? ಹೌದು ಎಂದು ಬರೆದರೆ ಅದೂ ಒಂದು ಚೊಕ್ಕ ಕತೆಯಾಗುತ್ತದೆ. ಬರೆಯಲಾರೆ. ಇಲ್ಲ ಎಂದೂ ಬರೆಯಲಾರೆ.

ಬರುವ ಶನಿವಾರ ನಾಟಿಂಗ್‌ಹ್ಯಾಮಿಗೆ ನಿನ್ನ ಮನೆಗೆ ಬರುತ್ತೇನೆ. ಅದಕ್ಕೆ ಮೊದಲೇ ಇದು ನಿನ್ನ ಕೈ ಸೇರಲಿ. ಬರಬೇಡ ಅನ್ನಲು ನಿನಗೆ ಸಮಯವಿರಲಿ.

ಇನ್ನೊಂದು ಉಳಿದಿದೆ. ನಿನ್ನ ಜಾಗದಲ್ಲಿ ಆಡಿದ ಮೊದಲ ಪಂದ್ಯ ಗೆದ್ದೆ. ಗೆದ್ದಾಗ ನಿನ್ನ ನೆನಪಾಗಿ ಬೇಸರವಾಯಿತು ಎಂದು ಬರೆಯಲು ಹೊರಟಿದ್ದೆ. ಇಲ್ಲ, ಫರ್ಹಾನಾ. ಖುಷಿಯಾಗಿತ್ತು.