ಮಂಗಳವಿಲ್ಲದ ಹಾಡುಗಳು

ಹಡಪಸರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಅಜ್ಜನನ್ನು ನಾವೆಲ್ಲ ಮುತ್ಯಾ ಎನ್ನುತ್ತಿದ್ದೆವು. ಸಂಜೆಯಾದರೆ ಮೊಬೈಲನ್ನು ಸ್ಪೀಕರಿಗೆ ಹಚ್ಚಿ ಒಂದೇ ಆಲ್ಬಂ ಕೇಳುತ್ತಿದ್ದರು. ಕಲಬುರಗಿ ಕಡೆಯ ಹಾಡುಗಾರನೊಬ್ಬ ಏಕತಾರಿ ಹಿಡಿದು, ತಾನೇ ಕಟ್ಟಿ ಹಾಡಿದ ಹಾಡುಗಳು. ಎಲ್ಲದರಲ್ಲೂ ಸಾವಿನದೇ ಮಾತು. ಹಾಡಿದವನು ತೀರಿಕೊಂಡು ವರ್ಷಗಳೇ ಆಗಿದ್ದವು. ಗೋಡೆಯಾಚೆಯ ಆ ದನಿಗೆ ನನಗೆ ಊಟ ಸೇರುತ್ತಿರಲಿಲ್ಲ.

ಭಜನೆ ಮುಗಿದರೆ ಮಂಗಳ ಹಾಡುವುದು ನಮ್ಮಲ್ಲಿ ರೂಢಿ. ಆಲ್ಬಮ್ಮಿನಲ್ಲಿ ಅದಿರಲಿಲ್ಲ. ಹಾಗಾಗಿ ಕೊನೆಯ ಹಾಡು ನಿಂತ ಕೂಡಲೇ ಮುತ್ಯಾನೇ ಎದ್ದು, ಚಪ್ಪಾಳೆ ತಟ್ಟುತ್ತ ಮಂಗಳ ಹಾಡುತ್ತಿದ್ದರು.

ನಾನು ನಕ್ಕರೆ, "ಮಂಗಳ ಆಗೋತನಾ ಹಾಡಿದಾಂವ ಎದ್ದು ಹೋಗಂಗಿಲ್ಲ, ತಮ್ಮಾ. ಇಲ್ಲೇ ಕುಂತಿರ್ತಾನ" ಎನ್ನುತ್ತಿದ್ದರು.

ಒಂದು ಸಂಜೆ ಹಾಡಿನ ನಡುವೆಯೇ ಅವರಿಗೆ ಎದೆನೋವು ಬಂತು. ರಿಕ್ಷಾದಲ್ಲಿ ನನ್ನ ಕೈ ಹಿಡಿದು, "ತಮ್ಮಾ, ಮಂಗಳ ಆಗಿಲ್ಲ" ಎಂದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಅವರ ಮನೆಗೆ ಬೀಗ ಹಾಕಲು ಹೋದೆ. ಒಳಗೆ ಯಾರೂ ಇರಲಿಲ್ಲ. ಸ್ಪೀಕರ್ ಸುಮ್ಮನಿತ್ತು. ಬೀಗ ಹಾಕಿ, ಹೊರಗೇ ನಿಂತು, ನನಗೆ ಬಂದಷ್ಟು ಮಂಗಳ ಹಾಡಿದೆ.

ಬಾಗಿಲ ಹಿಂದೆ ಇಬ್ಬರು ಚಪ್ಪಾಳೆ ತಟ್ಟತೊಡಗಿದರು.