ಹಲ್ಲಕ್ಕ ಹೊಳಪಿಸಿದ ಹೆಡ್‌ಲೈಟು

ಮೂವತ್ತೊಂದು ವರ್ಷಗಳಿಂದ ಪರರ ಬಾಯಿಗೆ ಹಲ್ಲು ಕಟ್ಟಿಕೊಡುತ್ತಿರುವ ಹಲ್ಲಕ್ಕ, ಆ ಹಲ್ಲುಗಳು ನಗುವುದನ್ನಾಗಲಿ ಅಗಿಯುವುದನ್ನಾಗಲಿ ಕಂಡದ್ದಿಲ್ಲವೆಂದೇ ಹೇಳಬೇಕು. ಅವಳ ಕೆಲಸದ ಸ್ವರೂಪವೇ ಅಂಥದು. ದಂತವೈದ್ಯರ ಕೋಣೆ ಮುಂದೆ, ಅವಳ ಕೋಣೆ ಹಿಂದೆ; ನಡುವಿನ ಗೋಡೆಯಲ್ಲಿ ಒಂದು ತಟ್ಟೆ ಹಾಯುವಷ್ಟು ಕಿಂಡಿ. ಆ ಕಿಂಡಿಯಿಂದ ಯಾರದೋ ಬಾಯಿಯ ಬಿಳಿ ಅಚ್ಚು ಒಳಗೆ ಬರುತ್ತದೆ, ಬೆನ್ನ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಒಂದು ನಂಬರನ್ನು ಹೊತ್ತು. ನಾಲ್ಕು ದಿನಗಳ ಬಳಿಕ ಗುಲಾಬಿ ವಸಡಿನ ಹೊಳೆಯುವ ಹಲ್ಲಿನ ಸೆಟ್ಟು ಅಲ್ಲಿಂದಲೇ ಹೊರಗೆ ಹೋಗುತ್ತದೆ. ಹೋದದ್ದು ಯಾವ ಬಾಯಿ ಸೇರಿತೋ, ಅಲ್ಲಿ ಏನು ಪಾಡುಪಟ್ಟಿತೋ ಅವಳಿಗೆ ತಿಳಿಯದು. ಒಂದೂ ಹಿಂದಿರುಗಿ ಬಂದಿಲ್ಲ ಎಂಬುದಷ್ಟೇ ತಿಳಿದದ್ದು. ಅದನ್ನು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಅವಳ ಸೆಟ್ಟನ್ನು ಹಾಕಿಕೊಂಡವರಲ್ಲಿ ಅವಳಿಗೆ ಗುರುತಿದ್ದವನು ಒಬ್ಬನೇ, ಒಡಹುಟ್ಟಿದ ಅಣ್ಣ. ಅವನ ಮನೆಯ ಮಹಡಿಯ ಕೋಣೆಯಲ್ಲೇ ಅವಳ ವಾಸ.

ಅಣ್ಣನಿಗೆ ಇದ್ದದ್ದು ಒಂದು ಹಳೆಯ ಕಾರು. ವಾರಕ್ಕೆ ಮೂರು ದಿನ ನಾಲ್ಕು ಮಂದಿ ರೋಗಿಗಳನ್ನು ಡಯಾಲಿಸಿಸ್‌ಗೆ ಆಸ್ಪತ್ರೆಗೆ ಕರೆದೊಯ್ದು ಮರಳಿ ಮನೆ ಮುಟ್ಟಿಸುವುದು ಅವನ ಕೆಲಸ. ಆ ಶನಿವಾರ ವಾಹನ ತಪಾಸಣೆಗೆ ಹೋದವನು ಮುಖ ಕಪ್ಪಿಟ್ಟುಕೊಂಡು ಬಂದ.

"ಬ್ರೇಕು ಸರಿ, ಟೈರು ಸರಿ, ಹೊಗೆ ಸರಿ. ಹೆಡ್‌ಲೈಟ್ ಮಸುಕಾಗಿದೆ, ಬೆಳಕೇ ಬರಲ್ಲ ಅಂತ ವಾಪಸ್ ಕಳಿಸಿಬಿಟ್ರು. ಸೋಮವಾರ ಬೆಳಗ್ಗೆ ಕೊನೇ ಅವಕಾಶ ಅಂತೆ. ಸರ್ಟಿಫಿಕೇಟ್ ಇಲ್ದಿದ್ರೆ ಮಂಗಳವಾರದಿಂದ ಆಸ್ಪತ್ರೆಯವರು ಬೇರೆ ಗಾಡಿ ಇಟ್ಕೋತಾರೆ."

ಅತ್ತಿಗೆ ಹೊರಗೆ ಬಂದು ಗಾಡಿಯ ಮೋರೆಯನ್ನು ನೋಡಿದಳು. ಪ್ಲಾಸ್ಟಿಕ್ಕಿನ ಎರಡೂ ದೀಪಗಳು ಬಿಸಿಲುಂಡು ಹಳದಿಗಟ್ಟಿ ಮಬ್ಬಾಗಿದ್ದವು. "ಯಜಮಾನರ ಕಣ್ಣಿಗೂ ಪೊರೆ, ಗಾಡಿ ಕಣ್ಣಿಗೂ ಪೊರೆ. ಒಳ್ಳೆ ಜೋಡಿ ಬಿಡಿ!" ಎಂದಳು. "ಟೂತ್‌ಪೇಸ್ಟ್ ಹಾಕಿ ಉಜ್ಜಿದ್ರೆ ಹೋಗತ್ತಂತೆ ರೀ."

"ಹಲ್ಲುಜ್ಜೋ ಪಾಠ ನನ್ನ ಮುಂದೇನಾ ಅತ್ತಿಗೆ?" ಎಂದು ಹಲ್ಲಕ್ಕ ಸೆರಗು ಸಿಕ್ಕಿಸಿದಳು. "ಪ್ಲಾಸ್ಟಿಕ್ ತಾನೇ ಅಣ್ಣಾ? ನನ್ನ ಕೈಗೆ ಬಿಡು. ನಾಳೆ ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಮುಖ ನೋಡ್ಕೊಂಡು ಮೀಸೆ ತಿದ್ಕೋಬಹುದು ನೀನು."

ಭಾನುವಾರ ಬೆಳಿಗ್ಗೆ ಅವಳು ಗೇಟಿನೊಳಗೆ ಗಾಡಿಯ ಮುಂದೆ ಮಣೆ ಹಾಕಿ ಕುಳಿತಳು. ದೀಪದ ಸುತ್ತಲಿನ ಬಣ್ಣಕ್ಕೆ ಪೆಟ್ಟಾಗದಂತೆ ಟೇಪು ಅಂಟಿಸಿದಳು. ಸಾಬೂನುನೀರಿನಲ್ಲಿ ತೊಳೆದು, ನೀರಿನಲ್ಲಿ ನೆನೆಸಿದ ವಾಟರ್ ಪೇಪರೆಂಬ ಮರಳುಕಾಗದದಿಂದ ಉಜ್ಜತೊಡಗಿದಳು. ಮೊದಲು ಒರಟು ಕಾಗದ, ಆಮೇಲೆ ನಯ, ಆಮೇಲೆ ಇನ್ನೂ ನಯ. ಹಳದಿ ನೀರು ಬಂಪರಿನ ಮೇಲೆ ಇಳಿಯಿತು. ಪಾಲಿಷ್ ಪೇಸ್ಟು ಹಚ್ಚಿ ತಿಕ್ಕಿ ಒರೆಸಿದಾಗ ಬಲಗಡೆಯ ದೀಪ ಹೊಸದರಂತೆ ಕಣ್ಣು ಬಿಟ್ಟಿತು. ಮತ್ತೆ ಮಬ್ಬಾಗದಂತೆ ಅಂಗಡಿಯಿಂದ ತಂದ ಕ್ಲಿಯರ್ ಕೋಟಿನ ಸ್ಪ್ರೇಯನ್ನು ಅದರ ಮೇಲೆ ತೆಳ್ಳಗೆ ಹೊಡೆದಳು. ಅತ್ತಿಗೆಯ ಬಾಯಿಂದ ಗೇಲಿಯ ಒಂದು ಮಾತೂ ಹೊರಡಲಿಲ್ಲ; ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ.

ಎಡವಟ್ಟಾದದ್ದು ಎಡಗಡೆಯ ದೀಪದಲ್ಲಿ. ಎಂದೋ ತಗುಲಿದ ಪೆಟ್ಟಿಗೆ ಅದರ ಒಳಮೂಲೆ ಗಾಡಿಯ ಮುಂದಿನ ಜಾಲರಿಯ ಸಂದಿಗೆ ಸೇರಿಕೊಂಡಿತ್ತು. ಬೆರಳೂ ಹೋಗದು, ಕಾಗದವೂ ಹೋಗದು. ಇಂಥ ಸಂದಿಗಳೊಡನೆ ಹಲ್ಲಕ್ಕನದು ಹಳೆಯ ಒಡನಾಟ. ಹಲ್ಲಿನ ಸೆಟ್ಟಿನಲ್ಲಿ ಹಲ್ಲು ವಸಡನ್ನು ಸೇರುವ ಕಡೆ ಪಾಲಿಷ್ ಚಕ್ರ ತಲುಪುವುದಿಲ್ಲ. ವಸಡು ಮಾಡುವ ಗುಲಾಬಿ ಪುಡಿಯನ್ನು ಕಲಸಲು ಬಳಸುವ ಮೂಗು ಸುಡುವ ಲಿಕ್ವಿಡ್ಡಿನಲ್ಲಿ ಕುಂಚವನ್ನು ಅದ್ದಿ ಆ ಗೆರೆಯುದ್ದಕ್ಕೂ ಒಮ್ಮೆ ಎಳೆದರಾಯಿತು, ಮೈ ಕೊಂಚವೇ ಕರಗಿ ಗಾಜಿನಂತಾಗುತ್ತದೆ. ಯಾರೂ ಕಲಿಸಿದ್ದಲ್ಲ, ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅವಳೇ ಕಂಡುಕೊಂಡ ಉಪಾಯ. ಮಹಡಿಗೆ ಹೋಗಿ, ಕೆಲಸದ ಕೋಣೆಯಿಂದ ಎಂದೋ ತಂದಿಟ್ಟುಕೊಂಡಿದ್ದ ಲಿಕ್ವಿಡ್ಡಿನ ಪುಟ್ಟ ಸೀಸೆಯನ್ನೂ ಕುಂಚವನ್ನೂ ತಂದಳು. ಮೂಲೆಗೆ ಕುಂಚ ಎಳೆದಳು. ಝಗ್ಗೆಂದಿತು! ಆ ಹೊಳಪಿಗೆ ಮರುಳಾಗಿ, ಬಟ್ಟೆಯನ್ನು ಅದ್ದಿ ಇಡೀ ದೀಪವನ್ನೇ ಒರೆಸಿಬಿಟ್ಟಳು.

"ಅಬ್ಬಬ್ಬಾ, ಕನ್ನಡಿ ಕಣೇ ಇದು!" ಎಂದಳು ಅತ್ತಿಗೆ.

ಆ ಮಾತು ಮುಗಿಯುವಷ್ಟರಲ್ಲಿ ಮೂಲೆಯಿಂದ ಒಂದು ಎಳೆ ಹೊರಟಿತು. ಕೂದಲು ಅಂಟಿಕೊಂಡಿದೆಯೆಂದು ಹಲ್ಲಕ್ಕ ಅದನ್ನು ಉಗುರಿನಿಂದ ತೆಗೆಯಲು ಹೋದಳು. ಉಗುರಿಗೆ ಕೂದಲು ಸಿಗಲಿಲ್ಲ. ಆ ಎಳೆಯ ಪಕ್ಕದಲ್ಲಿ ಇನ್ನೊಂದು, ಅದರ ಬೆನ್ನಿಗೆ ಹತ್ತು, ನೂರು. ಇಬ್ಬರು ಹೆಂಗಸರ ಕಣ್ಣೆದುರಿಗೇ ದೀಪದ ಮೈತುಂಬ ಬಿರುಕುಗಳು ಹರಿದಾಡಿ, ಒಂದನ್ನೊಂದು ಹೆಣೆದುಕೊಂಡು, ಕನ್ನಡಿಯಂತಿದ್ದದ್ದು ಸುಣ್ಣ ಬಳಿದಂತೆ ಬೆಳ್ಳಗಾಯಿತು. ಹಲ್ಲಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಡುವುದೂ ತೋಚದೆ ಗರ ಬಡಿದವಳಂತೆ ಕುಳಿತುಬಿಟ್ಟಳು.

"ರೀ! ಬೇಗ ಬನ್ನಿ ಇಲ್ಲಿ!" ಎಂದು ಅತ್ತಿಗೆ ಕೂಗಿಕೊಂಡಳು.

ಅಣ್ಣ ತಲೆ ಒರೆಸಿಕೊಳ್ಳುತ್ತ ಬಂದ. ಬಗ್ಗಿ ನೋಡಿದ. ಹಲ್ಲಕ್ಕ ಬೈಗುಳಕ್ಕೆ ಬೆನ್ನು ಕೊಟ್ಟು ಕಾದಳು.

"ಏನು ಹಾಕಿದೆ ಇದಕ್ಕೆ?"

"ಲಿಕ್ವಿಡ್ಡು. ಸೆಟ್ಟಿಗೆ ಕೊನೇಲಿ ಒರೆಸ್ತೀನಲ್ಲ, ಅದೇ."

ಅಣ್ಣ ಒಳಗೆ ಹೋದ. ಬರುವಾಗ ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿಯಿತ್ತು. ಅದರೊಳಗೆ ಒಂದು ಕೆಳದವಡೆಯ ಸೆಟ್ಟು. ಎಂಟು ವರ್ಷಗಳ ಹಿಂದೆ ತಾನೇ ಮಾಡಿದ್ದು ಎಂದು ಹಲ್ಲಕ್ಕನಿಗೆ ನೋಡಿದೊಡನೆ ತಿಳಿಯಿತು. ಅವಳು ತಲೆಯೆತ್ತಿ ಅಣ್ಣನ ಬಾಯನ್ನು ನೋಡಿದಳು. ಅಲ್ಲಿಯೂ ಹಲ್ಲುಗಳಿದ್ದವು.

"ಹಾಗಾದ್ರೆ ಬಾಯಲ್ಲಿರೋದು?"

"ಬೇರೆ ಕಡೆ ಮಾಡಿಸಿದ್ದು. ಐದು ವರ್ಷ ಆಯ್ತು."

ಅವಳು ಡಬ್ಬಿಯ ಸೆಟ್ಟನ್ನು ಬಿಸಿಲಿಗೆ ಹಿಡಿದಳು. ವಸಡಿನ ಗೆರೆಯುದ್ದಕ್ಕೂ, ಕುಂಚ ಓಡಾಡಿದ ಹಾದಿಯಲ್ಲೇ, ಅದೇ ಬಿಳಿ ಎಳೆಗಳು. ಒಂದು ಎಳೆ ಅಂಚಿನವರೆಗೆ ಸೀಳಿತ್ತು. ಅಲ್ಲಿ ಚೂರೊಂದು ಹಾರಿಹೋಗಿ ಬ್ಲೇಡಿನಂಥ ಮೊನೆ ಉಳಿದಿತ್ತು. ಐದು ವರ್ಷ ಅವನ ಎದುರಿಗೇ ಕುಳಿತು ಉಂಡಿದ್ದಳು. ಅವನ ತುಟಿಯ ಮರೆಯಲ್ಲಿದ್ದದ್ದು ಪರರ ಕೈಕೆಲಸವೆಂದು ಅವಳ ಪಳಗಿದ ಕಣ್ಣು ಗುರುತಿಸಿರಲಿಲ್ಲ. ಅತ್ತಿಗೆಯ ಕಡೆ ತಿರುಗಿದಳು. ಬಾಯಿ ಮುಚ್ಚಿ ಅಭ್ಯಾಸವಿಲ್ಲದ ಅತ್ತಿಗೆ ಆಗ ಬಕೀಟಿನ ನೀರನ್ನೇ ನೋಡುತ್ತಿದ್ದಳು. ಅಂದರೆ ಅವಳಿಗೂ ಗೊತ್ತಿತ್ತು.

"ಯಾಕೆ ಹೇಳ್ಲಿಲ್ಲ ಅಣ್ಣಾ ನೀನು?"

"ನನ್ನ ಕೆಲಸ ಒಂದೂ ವಾಪಸ್ ಬಂದಿಲ್ಲ ಅಂತ ನೀನು ಬೀದಿಗೆಲ್ಲ ಹೇಳ್ಕೊಂಡು ಓಡಾಡ್ತಿದ್ದೆ. ಮೊದಲನೇದು ನಾನೇ ವಾಪಸ್ ಕೊಡ್ಲಾ?"

ಹಲ್ಲಕ್ಕನ ಕಣ್ಣಮುಂದೆ ನಂಬರುಗಳು ಸಾಲುಗಟ್ಟಿದವು. ಪ್ರತಿ ನಂಬರಿಗೂ ಒಂದು ಬಾಯಿ, ಪ್ರತಿ ಬಾಯಿಗೂ ಅವಳ ಕುಂಚದ ಒಂದು ಎಳೆತ. ಎಷ್ಟು ಜನ ಹೀಗೆಯೇ ಸುಮ್ಮನಿದ್ದಿರಬಹುದು? ಎಷ್ಟು ಜನ ಅಣ್ಣನಂತೆ ಬೇರೆ ಕಡೆ ಹೋಗಿರಬಹುದು? ಅವಳು ಸೆಟ್ಟನ್ನು ಡಬ್ಬಿಗೆ ಹಾಕಿ, ಮರಳುಕಾಗದಗಳನ್ನು ದೂರ ತಳ್ಳಿದಳು.

"ನಾನು ಇನ್ನು ಇದನ್ನ ಮುಟ್ಟಲ್ಲ ಅಣ್ಣಾ. ಯಾರನ್ನಾದ್ರೂ ಕರಿ."

"ಭಾನುವಾರ ಯಾರು ಸಿಗ್ತಾರೆ? ಗುಜರಿಯವನ ಹತ್ರ ಎಡಗಡೆ ದೀಪ ಒಂದಿರಬಹುದು, ತರ್ತೀನಿ. ನಾಳೆ ಬೆಳಗ್ಗೆ ಗಾಡಿ ಅಲ್ಲಿ ನಿಲ್ಲಲೇಬೇಕು."

ಗುಜರಿಯಿಂದ ಬಂದದ್ದು ಬಿರುಕಿಲ್ಲದೆ ಗಟ್ಟಿಯಾಗಿತ್ತು, ಆದರೆ ಹಾಲು ಚೆಲ್ಲಿದಷ್ಟು ಮಬ್ಬು. ಅಣ್ಣ ಸ್ಟೂಲಿನ ಮೇಲೆ ಕುಳಿತು ಅದನ್ನು ಮೊಣಕಾಲುಗಳ ನಡುವೆ ಇರುಕಿಕೊಂಡ. ಅತ್ತಿಗೆ ಲಿಕ್ವಿಡ್ಡಿನ ಸೀಸೆಯನ್ನು ಎತ್ತಿ ಒಳಗಿಟ್ಟಳು.

"ನೀನು ಉಜ್ಜು, ನಾನು ನೋಡ್ತೀನಿ. ಸರಿ ಇಲ್ದಿದ್ರೆ ಸರಿ ಇಲ್ಲ ಅಂತೀನಿ, ಮುಖ ಊದಿಸ್ಕೋಬೇಡ," ಎಂದು ಅಣ್ಣ ಅವಳ ಕೈಗೆ ಕಾಗದ ಕೊಟ್ಟ.

ಉಜ್ಜಿದಳು. "ಇಲ್ಲೊಂದು ಗೆರೆ ಇದೆ," ಎಂದ ಅಣ್ಣ. ಕಪಾಳಕ್ಕೆ ಬಿದ್ದಂತಾಯಿತು; ಮತ್ತೆ ಉಜ್ಜಿದಳು. "ಈ ಕಡೆ ಒರಟು." ಮತ್ತೆ ಉಜ್ಜಿದಳು. "ಇನ್ನೂ ಇದೆ." ನಾಲ್ಕನೆಯ ಸಲಕ್ಕೆ ಅವನು ಹೆಬ್ಬೆರಳನ್ನು ಅಂಚಿನಿಂದ ಅಂಚಿಗೆ ಸವರಿ ತಲೆಯಾಡಿಸಿದ. ಅವಳು ಕ್ಲಿಯರ್ ಕೋಟಿನ ಡಬ್ಬದ ಮೇಲಿನ ಸೂಚನೆಗಳನ್ನು ಅಕ್ಷರ ಬಿಡದೆ ಓದಿ, ಸ್ಪ್ರೇ ಹೊಡೆದು, ಬಿಸಿಲಿಗಿಟ್ಟಳು. ಸಂಜೆ ಅಣ್ಣ ಅದನ್ನು ಗಾಡಿಗೆ ಕೂರಿಸಿದ.

ಸೋಮವಾರ ತಪಾಸಣೆಯ ಅಧಿಕಾರಿ ಬೆಳಕು ಅಳೆಯುವ ಯಂತ್ರವನ್ನು ಗಾಡಿಯ ಮುಂದೆ ತಳ್ಳಿ ತಂದ. ಮುಳ್ಳು ಏರಿತು, ನಿಂತಿತು. ಅವನು ಎಡಕ್ಕೊಂದು, ಬಲಕ್ಕೊಂದು ಗುರುತು ಹಾಕಿ, ಕಾಗದಕ್ಕೆ ಮೊಹರು ಒತ್ತಿ, "ಆಯ್ತು, ಗಾಡಿ ತೆಗೀರಿ, ಹಿಂದೆ ಜನ ಇದಾರೆ," ಎಂದ. ಎರಡು ನಿಮಿಷವೂ ಹಿಡಿಯಲಿಲ್ಲ. ಅಣ್ಣ ಸರ್ಟಿಫಿಕೇಟನ್ನು ಮಡಿಚಿ ಜೇಬಿಗಿಟ್ಟು, ಸ್ಟೀರಿಂಗಿನ ಮೇಲೆ ಎರಡೂ ಕೈ ಊರಿದ.

ಪಕ್ಕದ ಸೀಟಿನಲ್ಲಿದ್ದ ಹಲ್ಲಕ್ಕ ಹಿಂದಿನ ದಿನದಿಂದ ಕೇಳಬೇಕೆಂದಿದ್ದನ್ನು ಕೊನೆಗೂ ಕೇಳಿದಳು.

"ಅಣ್ಣಾ, ಆ ಸೆಟ್ಟು ಹಾಕ್ಕೊಂಡಾಗ ನೋಯ್ತಿತ್ತಾ?"

"ಹೂಂ."

"ಎಷ್ಟು ದಿನ?"

ಹಿಂದಿನ ಗಾಡಿಯವನು ಹಾರನ್ ಒತ್ತಿದ.

"ಮೂರು ವರ್ಷ," ಎಂದು ಅಣ್ಣ ಗಾಡಿಯನ್ನು ಗೇರಿಗೆ ಹಾಕಿದ. "ಬೆಲ್ಟು ಹಾಕ್ಕೋ."