ಟ್ರಾನ್ಸ್‌ಪರೆಂಟ್ ಎಂದ ಜೆರಾಕ್ಸ್ ಅಂಗಡಿಯವನು

ಮೊನ್ನೆ ಕೊಳ್ಳೇಗಾಲದಲ್ಲಿ ಮೊಮ್ಮಗಳು ತನ್ನ ಕಾಲೇಜಿನ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸುತ್ತಿದ್ದಳು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹನೂರಿನ ಜೆರಾಕ್ಸ್ ಅಂಗಡಿಯವನು ನೆನಪಾದ. ಬೇಕೆಂದು ನೆನೆಸಿಕೊಂಡದ್ದಲ್ಲ.

ನಮ್ಮೂರು ಬಂಡಳ್ಳಿಯಲ್ಲಿ ಅವನು ನಮ್ಮ ಬೀದಿಯವನೇ. ಅವನ ತಾಯಿ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದ ದಿನಗಳಲ್ಲಿ ನಮ್ಮ ಮನೆಯಲ್ಲೇ ಉಂಡು ಬೆಳೆದವನು. ನನ್ನನ್ನು ದೊಡ್ಡವ್ವ ಅನ್ನುತ್ತಿದ್ದ. ಆಮೇಲೆ ಹನೂರಿನಲ್ಲಿ ಅಂಗಡಿ ಇಟ್ಟ. ಜೆರಾಕ್ಸು, ಲ್ಯಾಮಿನೇಷನ್ನು, ಕಂಪ್ಯೂಟರಿನಲ್ಲಿ ಅರ್ಜಿ ಹಾಕುವುದು, ಎಲ್ಲಾ ಅವನೇ. ನಾನು ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವನು ಓದಿ ಹೇಳಿದ್ದೇ ನನಗೆ ಓದು.

ಆಗ ನನ್ನ ಮಗಳು ಗಂಡನನ್ನು ಕಳೆದುಕೊಂಡು ಹತ್ತು ವರ್ಷದ ಈ ಮೊಮ್ಮಗಳ ಜೊತೆ ನಮ್ಮ ಮನೆಗೆ ಬಂದಿದ್ದಳು. ಊರಿನ ಅಂಗನವಾಡಿಗೆ ಸಹಾಯಕಿ ಬೇಕೆಂದು ಅರ್ಜಿ ಕರೆದರು. ವಿಧವೆಯರಿಗೆ ಮೊದಲು ಎಂದರು. ಆ ಕೆಲಸ ಸಿಕ್ಕಿದ್ದರೆ ಅವಳು ಯಾರ ತೋಟಕ್ಕೂ ಕೂಲಿಗೆ ಹೋಗಬೇಕಿರಲಿಲ್ಲ.

ಅವನ ಅಂಗಡಿಗೆ ಹೋದೆ. ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿಟ್ಟೇ ಅರ್ಜಿ ತುಂಬಿದ. ಅದರಲ್ಲಿ ಒಂದಕ್ಷರ ನನಗೆ ತಿಳಿಯದಿದ್ದರೂ ಮೆಚ್ಚಿಕೊಂಡೆ. ನಮ್ಮ ಮನೆಯಲ್ಲಿ ಫೋನಿರಲಿಲ್ಲ.

“ನಂಬರು ನಂದೇ ಆಕಿವ್ನಿ ದೊಡ್ಡವ್ವ. ಮುಂದ್ಕೆಲ್ಲಾ ನಿಂಗೆ ಟ್ರಾನ್ಸ್‌ಪರೆಂಟಾಗಿ ನಡ್ದೋಯ್ತದೆ” ಅಂದ.

“ಗಾಜಿನಂಗೇನ್ಲಾ?”

“ಊಂ, ಗಾಜು ಅನ್ಕೋ” ಅಂತ ನಕ್ಕ.

ಗ್ರಾಮಸಭೆಯಲ್ಲಿ ಕೇಳಿದ್ದ ಮಾತು ಅದು. ಮುಚ್ಚುಮರೆ ಇಲ್ಲ ಅಂತ ಅರ್ಥ ಎಂದಿದ್ದರು. ರೇಷ್ಮೆ ಹುಳ ಹಣ್ಣಾದಾಗ ಬೆಳಕಿಗೆ ಹಿಡಿದರೆ ಮೈಯೊಳಗೆಲ್ಲ ಕಾಣುತ್ತದೆ. ಆಗ ಗೂಡು ಕಟ್ಟುವುದು ಖಂಡಿತ. ಹಾಗೆಯೇ ಇವನನ್ನೂ ನಂಬಿದೆ...

ಪಟ್ಟಿ ಬಂದಾಗ ಮಗಳ ಹೆಸರಿರಲಿಲ್ಲ. ಆಫೀಸಿಗೆ ಹೋಗಿ ಕೇಳಿದೆ. ಊರಲ್ಲೇ ವಾಸವಿರುವ ಪತ್ರ ಬಾಕಿ ಇತ್ತಂತೆ, ಎಂಟು ದಿನದೊಳಗೆ ತನ್ನಿ ಅಂತ ಮೆಸೇಜು ಕಳಿಸಿದ್ದರಂತೆ. ಯಾವ ನಂಬರಿಗೆ ಎಂದು ಕೇಳಿದರೆ, ಅವನದೇ. ಕೆಲಸ ಸಿಕ್ಕಿದ್ದು ಅವನ ನಾದಿನಿಗೆ. ಅವಳೂ ನಮ್ಮೂರಿಗೇ ಸೊಸೆಯಾಗಿ ಬಂದವಳು. ಅವಳ ಅರ್ಜಿಯೂ ಅದೇ ಅಂಗಡಿಯದು.

ಅಲ್ಲಿಂದ ನೇರ ಅಂಗಡಿಗೆ ಹೋದೆ.

“ದಿನಾ ನೂರೆಂಟು ಮೆಸೇಜು ಬತ್ತವೆ ದೊಡ್ಡವ್ವ...” ಅಂದ.

“ನಿನ್ ನಾದ್ನಿದು ಮಾತ್ರ ಕಣ್ಣಿಗ್ ಬಿತ್ತಾ?”

ಯಾರದೋ ಆಧಾರ್ ಕಾರ್ಡನ್ನು ಮಿಷನ್ನಿನ ಒಳಗಿಟ್ಟು ಮುಚ್ಚಳ ಹಾಕಿದ. ಅದೇ ಕೊನೆ, ಆ ಮೆಟ್ಟಿಲು ಮತ್ತೆ ಹತ್ತಲಿಲ್ಲ.

ಎರಡು ವರ್ಷದ ಕೆಳಗೆ ಕಾಮಾಲೆಯಾಗಿ ತೀರಿಕೊಂಡ. ಹೋಗಿ ಕುಳಿತಿದ್ದೆ. ಅನ್ನ ಇಕ್ಕಿದವಳು ಅಳುತ್ತಾಳೆಂದು ಎಲ್ಲರೂ ನನ್ನ ಮುಖ ನೋಡಿದರು. ಅಳು ಬರಲಿಲ್ಲ.

ಮೊನ್ನೆ ವಾಪಸ್ ಬರುವಾಗ ಬಸ್ಸಿನಲ್ಲಿ ಮೊಮ್ಮಗಳನ್ನು ಕೇಳಿದೆ. ಅವಳು ಓದುತ್ತಿರುವುದು ಕಂಪ್ಯೂಟರನ್ನೇ.

“ಟ್ರಾನ್ಸ್‌ಪರೆಂಟ್ ಅಂದ್ರೆ ಎಲ್ಲಾ ಕಾಣೋದಲ್ವೇನವ್ವಾ?”

“ಆಡೋ ಮಾತಲ್ಲಿ ಅಂಗೇ ಅಜ್ಜಿ. ನಮ್ ಪಾಠದಲ್ಲಿ ಉಲ್ಟಾ. ಒಳ್ಗಡೆ ಏನ್ ನಡೀತದೆ ಅಂತ ಬಳ್ಸೋರ್ಗೆ ಗೊತ್ತೇ ಆಗ್ಬಾರ್ದು, ಅದು ಟ್ರಾನ್ಸ್‌ಪರೆಂಟು.”

ಇಷ್ಟು ವರ್ಷ ಅವನನ್ನು ಸುಳ್ಳ ಅಂತ ಬೈದೆ. ಅವನೋ ನನ್ನೆದುರಿಗೇ ಹೇಳಿ ಮಾಡಿದ್ದ! ತಿಳಿದೇ ಹೇಳಿದನೋ, ಬಾಯಿಗೆ ಬಂದದ್ದೋ... ಕೇಳೋಣವೆಂದರೆ ಅವನಿಲ್ಲ. ಇದು ಇನ್ನೂ ಹೆಚ್ಚು ಉರಿಯುತ್ತದೆ.

ಮನೆಗೆ ಬಂದಾಗ ಮಗಳು ಕೂಲಿ ಮುಗಿಸಿಕೊಂಡು ಬಂದು ಕಾಲು ತೊಳೆಯುತ್ತಿದ್ದಳು. ಊರಿನ ಇನ್ನೊಂದು ಅಂಗನವಾಡಿಗೆ ಅರ್ಜಿ ಕರೆದಿದ್ದಾರೆ, ಈ ಸಲ ನಾನೇ ಹಾಕುತ್ತೇನೆ ಎಂದು ಮೊಮ್ಮಗಳು ಫೋನು ಹಿಡಿದು ಅವಳ ಪಕ್ಕ ಕುಳಿತಳು. ತಾಯಿಯ ಹುಟ್ಟಿದ ತಾರೀಖು ಒತ್ತಿದಳು. ವಯಸ್ಸು ಮೀರಿದೆ ಎಂದು ಬಂತು.

ಮಗಳು ಒದ್ದೆ ಕಾಲಲ್ಲೇ ಎದ್ದು ಒಳಗೆ ಹೋದಳು.